ಪರಸ್ಥಾನದ ಕನ್ನಡಕ

ಶುಕ್ರವಾರ ಬೆಳಿಗ್ಗೆ ನಂಜುಂಡ ಕೋಟು ತೊಟ್ಟು, ತಲೆ ಬಾಚಿ, ದೇವರ ಪಟಕ್ಕೆ ಕೈಮುಗಿದು, ಗೋಡೆಯ ಗೂಡಿಗೆ ಕೈಹಾಕಿದರೆ ಕನ್ನಡಕದ ಡಬ್ಬಿ ಅಲ್ಲಿರಲಿಲ್ಲ. ಗೂಡಿನಲ್ಲಿದ್ದ ಕುಂಕುಮದ ಭರಣಿ, ಸೂಜಿದಾರದ ಪೆಟ್ಟಿಗೆ ಎಲ್ಲವನ್ನೂ ಎತ್ತಿ ನೋಡಿದ. ಹಾಸಿಗೆಯ ಸುರುಳಿ ಬಿಚ್ಚಿ ಕೊಡವಿದ. ಕೆಳಗೆ ರಸ್ತೆಯಲ್ಲಿ ಆಗಲೇ ಮೋಟರ್ ಸೈಕಲ್ಲಿನ ಹಾರನ್ನು ಎರಡು ಸಲ ಕೂಗಿತ್ತು.

"ಸರಸು, ನನ್ನ ಕನ್ನಡಕ ಎಲ್ಲೇ?"

ಸರಸ್ವತಿ ಸ್ಟೋವಿನ ಮುಂದಿನಿಂದ ತಿರುಗಿ ನೋಡಲಿಲ್ಲ. ಕೇಳಿದ್ದಕ್ಕೆ ಹೆಂಡತಿ ತಿರುಗಿಯೂ ನೋಡದಿದ್ದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ತಿಳಿಯುವಷ್ಟು ಸಂಸಾರ ನಂಜುಂಡ ಮಾಡಿದ್ದ.

"ಶೀಲಾವತಿ ಮನೇಲಿದೆ. ಹೋಗ್ತಾ ಎತ್ಕೊಂಡು ಹೋಗಿ."

"ಶೀಲಾವತಿ ಮನೇಲಿ ಅದಕ್ಕೇನು ಕೆಲಸ?"

"ಪರಸ್ಥಾನ ಇಟ್ಟಿದೀನಿ. ನಿಮ್ಮ ಲೈಸೆನ್ಸ್ ಪರೀಕ್ಷೆ ಹನ್ನೊಂದಕ್ಕೆ. ಇವತ್ತು ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಸುಮ್ನೆ ಹೇಗೆ ಕಳಿಸ್ಲಿ?"

ಮೈಸೂರು ಕಡೆಯವರಿಗೆ ಪರಸ್ಥಾನ ಹೊಸದಲ್ಲ. ಹೊತ್ತು ಕೆಟ್ಟದ್ದು, ಆದರೆ ಹೋಗದೆ ವಿಧಿಯಿಲ್ಲ ಎನ್ನುವಾಗ, ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ, ಹೋಗುವವನ ಒಂದು ವಸ್ತುವನ್ನು ಅಕ್ಷತೆಯ ಜೊತೆ ಬಟ್ಟೆಯಲ್ಲಿ ಕಟ್ಟಿ, ಅವನು ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ. ಆಮೇಲೆ ಯಾವ ಕಾಲದಲ್ಲಿ ಹೊರಟರೂ ದೋಷವಿಲ್ಲ. ಒಂದೇ ಕಟ್ಟಳೆ, ಇಟ್ಟದ್ದು ಮನೆಗೆ ವಾಪಸು ಬರಕೂಡದು, ಹೋಗುವವನು ದಾರಿಯಲ್ಲಿ ಎತ್ತಿಕೊಂಡು ಹೋಗಬೇಕು. ಸಾಮಾನ್ಯವಾಗಿ ಇದಕ್ಕೆ ಜನ ಒಂದು ಹಳೆಯ ಟವೆಲ್ಲನ್ನೋ ಪಂಚೆಯನ್ನೋ ಇಡುತ್ತಾರೆ. ಸರಸ್ವತಿಯದು ಅಂಥ ಕಾಟಾಚಾರದ ಭಕ್ತಿಯಲ್ಲ. ಗಂಡನ ಜೊತೆ ನಿಜವಾಗಿ ಹೋಗುವ ವಸ್ತುವೇ ಆಗಬೇಕು ಎಂದು ಗುರುವಾರ ಸಂಜೆ ಅವಳು ಯೋಚಿಸಿ ಯೋಚಿಸಿ ಆರಿಸಿದ್ದು ಕನ್ನಡಕ.

ನಂಜುಂಡನಿಗೆ ಅದು ರಾತ್ರಿಯೇ ಗೊತ್ತಾಗದಿದ್ದುದಕ್ಕೆ ಅವನ ಶೋಕಿಯೇ ಕಾರಣ. ಅವನಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತಿತ್ತು, ದೂರದ್ದು ಕಾಣುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡರೆ ಮುದುಕನಂತೆ ಕಾಣುತ್ತೇನೆಂದು ಮನೆಯಲ್ಲಿ, ಆಫೀಸಿನಲ್ಲಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಮೋಟರ್ ಸೈಕಲ್ ಹತ್ತಿದಾಗ ಮಾತ್ರ ಜೀವಭಯಕ್ಕೆ ಹಾಕಿಕೊಳ್ಳುತ್ತಿದ್ದ.

"ನಿನ್ನ ತಲೆಗಿಷ್ಟು" ಎಂದು ಬಯ್ಯಲು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದ. ಅವಳ ಕಣ್ಣು ಊದಿಕೊಂಡಿದ್ದವು. ಅವಳು ಪಂಚಾಂಗ ನೋಡಿ ಬದುಕುವವಳೇನಲ್ಲ. ಆದರೆ ಇದು ಗಿರಿಜೆಯ ವಿಷಯವಾಗಿತ್ತು.

ಗಿರಿಜೆ ಅವರ ಮಗಳು. ಮಾಟುಂಗದ ಈ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟ ಮುದುಕಿ, ಮಗುವಿನ ಗಲಾಟೆ ತನಗಾಗದು, ಗಂಡಹೆಂಡಿರಿಬ್ಬರೇ ಇರುವುದಾದರೆ ಇರಿ ಎಂದಿದ್ದಳು. ಬೊಂಬಾಯಿಯಲ್ಲಿ ಆಗ, ಐವತ್ತಾರನೆಯ ಇಸವಿಯಲ್ಲಿ, ಕೋಣೆ ಸಿಕ್ಕುವುದೇ ಪುಣ್ಯ. ಹಾಗಾಗಿ ಎದೆಹಾಲು ಬಿಟ್ಟ ಮಗುವನ್ನು ಮಂಡ್ಯದಲ್ಲಿ ಸರಸ್ವತಿಯ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದರು, ಸ್ವಲ್ಪ ದಿನದ ಮಟ್ಟಿಗೆ ಎಂದು. ಆ ಸ್ವಲ್ಪ ದಿನ ಮುಗಿದೇ ಇರಲಿಲ್ಲ. ಕಳೆದ ವರ್ಷ ದೀಪಾವಳಿಗೆ ಹೋದಾಗ ಮಗು ದೊಡ್ಡಮ್ಮನ ಸೆರಗು ಹಿಡಿದುಕೊಂಡು ಅವಳನ್ನೇ ಅಮ್ಮ ಎಂದಿತು. ನಂಜುಂಡನನ್ನು ತೋರಿಸಿ ಯಾರು ಹೇಳು ಎಂದರೆ "ಬೊಂಬಾಯಿ ಮಾಮ" ಎಂದು ನಾಚಿತು. ಎಲ್ಲರೂ ನಕ್ಕರು. ಸರಸ್ವತಿ ಕೊಟ್ಟಿಗೆಯ ಹಿಂದೆ ಹೋಗಿ ಬಿಕ್ಕಿಬಿಕ್ಕಿ ಅತ್ತಳು.

ಈಗ ದೇವರು ಕಣ್ಣು ಬಿಟ್ಟಿದ್ದ. ನಂಜುಂಡ ಗುಮಾಸ್ತನಾಗಿದ್ದ ಔಷಧಿ ಕಂಪನಿಯಲ್ಲಿ, ಡಾಕ್ಟರುಗಳ ಹತ್ತಿರ ಹೋಗಿ ಮದ್ದು ಪರಿಚಯಿಸುವ ಕೆಲಸಕ್ಕೆ ಒಬ್ಬನನ್ನು ಆರಿಸಬೇಕಿತ್ತು. ಓಡಾಡಲು ಕಂಪನಿಯ ಮೋಟರ್ ಸೈಕಲ್, ಇರಲು ಆಂಟಾಪ್ ಹಿಲ್‌ನಲ್ಲಿ ಎರಡು ಕೋಣೆಯ ಬ್ಲಾಕು. ಮಕ್ಕಳಿದ್ದರೆ ಬೇಡವೆನ್ನುವವರು ಅಲ್ಲಿ ಯಾರೂ ಇಲ್ಲ. ಮ್ಯಾನೇಜರು ನಂಜುಂಡನನ್ನು ಕರೆದು, ಶುಕ್ರವಾರ ಸಂಜೆಯೊಳಗೆ ಲೈಸೆನ್ಸ್ ತಂದು ಮೇಜಿನ ಮೇಲಿಟ್ಟರೆ ಕೆಲಸ ನಿನ್ನದು, ಇಲ್ಲದಿದ್ದರೆ ಪಕ್ಕದ ಮೇಜಿನವನಿಗೆ ಆಗಲೇ ಲೈಸೆನ್ಸ್ ಇದೆ, ಅವನದು ಎಂದಿದ್ದರು. ಪಕ್ಕದ ಮೇಜಿನವನಿಗೆ ಮದುವೆಯೇ ಆಗಿರಲಿಲ್ಲ. ಅವನಿಗೆ ಎರಡು ಕೋಣೆ ಯಾಕೆ ಎಂದು ಸರಸ್ವತಿ ರಾತ್ರಿಯೆಲ್ಲ ಗೊಣಗಿದ್ದಳು.

ಇಬ್ಬರೂ ಮೆಟ್ಟಿಲಿಳಿದು ಪಕ್ಕದ ಬಿಲ್ಡಿಂಗಿಗೆ ಓಡಿದರು. ಶೀಲಾವತಿಯ ಬಾಗಿಲಿಗೆ ಬೀಗ ಬಿದ್ದಿತ್ತು.

ಎದುರು ಮನೆಯ ವಸಂತಿ ಅಕ್ಕಿ ಆರಿಸುತ್ತ ಕೂತಿದ್ದಳು. ಕಾಪುವಿನ ಕಡೆಯವಳು.

"ಶೀಲಕ್ಕನಾ? ಅವರು ಬೆಳಗಾಗುವಾಗಲೇ ಗ್ರಾಂಟ್ ರೋಡಿಗೆ ಹೋಗಿ ಆಯ್ತು ಮಾರಾಯ್ರೆ. ನಾದಿನಿಗೆ ಹೆರಿಗೆ ನೋವು ಬಂತಂತೆ, ಶೀಲಕ್ಕನ ಗಂಡ ಕೊರಗಪ್ಪ ಕೆಲಸದ ಹೋಟೆಲಿನಿಂದ ಜನ ಕಳಿಸಿದ್ರು. ಬೀಗದ ಕೈ ಅವರ ಸೊಂಟದಲ್ಲೇ ಉಂಟು."

ನಂಜುಂಡ ಕಿಟಕಿಯ ಹತ್ತಿರ ಓಡಿದ. ಕಿಟಕಿಯಿಂದ ಇಣುಕಿದರೆ ಕೋಣೆಯೊಳಗೆ ದೇವರ ಮಣೆಯ ಮೇಲೆ ಏನೋ ಹಳದಿ ಬಣ್ಣದ್ದು ಮಸುಕಾಗಿ ಕಂಡಿತು. ಅದೇ ತನ್ನ ಕನ್ನಡಕ, ಅದನ್ನು ನೋಡಲು ಅದೇ ಬೇಕಾಗಿತ್ತು. ಕಿಟಕಿಗೆ ಸರಳುಗಳಿದ್ದವು. ಕೈ ತೂರಿಸಿದ. ಭುಜದವರೆಗೆ ಹೋಗಿ ಸಿಕ್ಕಿಕೊಂಡಿತು.

ಆಗಲೇ ಮೆಟ್ಟಿಲ ಮೇಲೆ ಕಾಶಪ್ಪನ ಬೂಟಿನ ಸದ್ದು ಕೇಳಿಸಿತು. ಕಾಶಪ್ಪ ಕಂಪನಿಯ ವ್ಯಾನಿನ ಡ್ರೈವರು, ವಿಜಾಪುರದವನು. ನಂಜುಂಡನಿಗೆ ಮೋಟರ್ ಸೈಕಲ್ ಕಲಿಸಿದವನೂ ಅವನೇ. ಕಲಿಯುವವನ ಬೆನ್ನಿಗೆ ಲೈಸೆನ್ಸ್ ಇರುವವನೊಬ್ಬ ಇರಬೇಕೆಂಬ ನಿಯಮಕ್ಕೆ ಇಂದೂ ಅವನೇ ಬಂದಿದ್ದ.

"ಏನ್ರಿ ಸಾಹೇಬ್ರ, ಹೊತ್ತು ಹೊಂಟೈತಿ. ಇಲ್ಲಿ ಕಳ್ಳರಂಗ ಕಿಟಕ್ಯಾಗ ಕೈ ಹಾಕ್ಕೊಂಡು ನಿಂತೀರಲ್ಲ?"

ವಿಷಯ ಕೇಳಿ ಅವನು ಹಣೆ ಚಚ್ಚಿಕೊಂಡ. "ಇವತ್ತು ಬಿಟ್ರ ಮತ್ತ ಮುಂದಿನ ತಿಂಗಳನ ನಂಬರು ಬರೂದು. ನಡೀರಿ, ಹಂಗ ಹೋಗೂಣು."

"ಕನ್ನಡಕ ಇಲ್ಲದೆ ಹೇಗಪ್ಪಾ ಹೋಗ್ಲಿ?"

"ನೀವು ಹೋಗಿ" ಎಂದಳು ಸರಸ್ವತಿ. ಅವಳ ಮುಖ ಬಿಳಿಚಿಕೊಂಡಿತ್ತು. "ನಾನು ಹೇಗಾದ್ರೂ ಮಾಡಿ ತರ್ತೀನಿ. ಕಾಶಪ್ಪ, ಆ ಪರೀಕ್ಷೆಯ ಮೈದಾನಕ್ಕೆ ಯಾವ ಬಸ್ಸು ಹೇಳಿ."

"ನಿನ್ನ ಪರಸ್ಥಾನಕ್ಕೆ ಬೆಂಕಿ ಬೀಳ!" ಎಂದುಬಿಟ್ಟ ನಂಜುಂಡ. ವಸಂತಿಯ ಎದುರಿಗೇ ಅಂದ. ಮೆಟ್ಟಿಲಿಳಿಯುವಾಗಲೇ ಅಂದದ್ದು ತಪ್ಪೆನಿಸಿತು, ಆದರೆ ಹಿಂದಿರುಗಿ ಹೇಳಲು ಹೊತ್ತಿರಲಿಲ್ಲ.

ಕಾಶಪ್ಪ ಗಾಡಿ ಓಡಿಸಿದ, ನಂಜುಂಡ ಹಿಂದೆ ಕೂತ. ದಾದರ್ ದಾಟಿ, ಟ್ರಾಮಿನ ಹಳಿಗಳನ್ನು ತಪ್ಪಿಸಿಕೊಂಡು, ಗಿರಣಿಗಳ ಪಕ್ಕದಲ್ಲಿ ಹೋಗುವಾಗ ನಂಜುಂಡ ಕಣ್ಣು ಕಿರಿದು ಮಾಡಿ ಎದುರು ಬರುವುದನ್ನೆಲ್ಲ ಗುರುತಿಸಲು ನೋಡಿದ. ಹತ್ತು ಹೆಜ್ಜೆಯ ತನಕ ಎಲ್ಲ ಸರಿಯಾಗಿತ್ತು. ಆಚೆಗೆ ಮನುಷ್ಯರಿಗೆ ಮುಖವಿರಲಿಲ್ಲ, ಬರೀ ಬಣ್ಣವಿತ್ತು. ಕೆಂಪಗೆ ದೊಡ್ಡದಾಗಿ ಬಂದದ್ದು ಬಸ್ಸು. ಕೆಂಪಗೆ ಚಿಕ್ಕದಾಗಿ ನಿಂತದ್ದು ಅಂಚೆಪೆಟ್ಟಿಗೆ ಎಂದುಕೊಂಡ. ಹತ್ತಿರ ಬಂದಾಗ ಅದು ಕೆಂಪು ಸೀರೆಯ ಹೆಂಗಸು.

"ಕಾಶಪ್ಪ, ಆಗೋಲ್ಲ. ವಾಪಸು ಹೋಗೋಣ."

"ಕೂಸಿನ ಕರಕೊಂಡು ಬರೂದ ಐತೋ ಇಲ್ಲೋ?" ಎಂದ ಕಾಶಪ್ಪ ತಿರುಗದೆ.

ಲೈಸೆನ್ಸ್ ಆಫೀಸಿನ ಹಿಂದಿನ ಮೈದಾನದಲ್ಲಿ ಸಾಲು ಆಗಲೇ ನಿಂತಿತ್ತು. ಸೂಟು ಹಾಕಿದ ಒಬ್ಬ ಪಾರಸಿ ಹುಡುಗ, ಹಾಲು ಸಾಗಿಸುವ ಒಬ್ಬ ಉತ್ತರದ ಭಯ್ಯಾ, ಗಡ್ಡಕ್ಕೆ ಬಲೆ ಕಟ್ಟಿದ ಒಬ್ಬ ಸರದಾರಜಿ. ಎಲ್ಲರೂ ಪರಸ್ಪರ ನೋಡದೆ ತಂತಮ್ಮ ಗಾಡಿಯನ್ನೇ ನೋಡುತ್ತಿದ್ದರು. ಇನ್‌ಸ್ಪೆಕ್ಟರು ಖಾಕಿ ತೊಟ್ಟ, ಮೀಸೆಯ, ಎತ್ತರದ ಆಳು. ನಗುವುದು ಸರಕಾರಿ ನಿಯಮದಲ್ಲಿಲ್ಲ ಎಂಬಂತೆ ಇದ್ದರು. ಮೊದಲು ಕಣ್ಣಿನ ಪರೀಕ್ಷೆ. ಮೈದಾನದ ಆ ತುದಿಯಲ್ಲಿ ನಿಂತ ಕಾರಿನ ನಂಬರ್ ಪ್ಲೇಟನ್ನು ಇಲ್ಲಿಂದ ಓದಬೇಕು.

ನಂಜುಂಡನಿಗೆ ಅಲ್ಲಿ ಕಾರಿರುವುದು ಗೊತ್ತಾಗುತ್ತಿತ್ತು, ಅಷ್ಟೆ. ಅದಕ್ಕೆ ಪ್ಲೇಟಿದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು.

ಕಾಶಪ್ಪ ಚಕ್ರದ ಗಾಳಿ ನೋಡುವವನಂತೆ ಬಗ್ಗಿ ಪಿಸುಗುಟ್ಟಿದ, "ಎಲ್ಲಾರಿಗೂ ಅದ ಕಾರು ತೋರಸಾಕತ್ಯಾನ್ರಿ. ಮುಂದಿನವರು ಓದೂದು ಕಿವಿಗೊಟ್ಟು ಕೇಳ್ರಿ, ನೀವೂ ಅದನ್ನ ಅಂದುಬಿಡ್ರಿ."

ನಂಜುಂಡ ಪ್ರಾಮಾಣಿಕ ಮನುಷ್ಯ. ಟ್ರಾಮಿನಲ್ಲಿ ಕಂಡಕ್ಟರು ಮರೆತರೆ ತಾನೇ ಕರೆದು ಟಿಕೆಟ್ ತೆಗೆದುಕೊಳ್ಳುವವನು. ಅಂಥವನು ಪಾರಸಿ ಹುಡುಗ ಓದಿದ ನಂಬರನ್ನು ಬಾಯಿಪಾಠ ಮಾಡಿಕೊಂಡ. ಸರದಾರಜಿ ಓದಿದಾಗ ಸರಿಯೇ ಎಂದು ತಾಳೆ ನೋಡಿದ. ತನ್ನ ಸರದಿ ಬಂದಾಗ ಕಣ್ಣು ಕಿರಿದು ಮಾಡಬಾರದೆಂದು ಹುಬ್ಬುಗಳನ್ನು ಮೇಲೆ ಎಳೆದುಕೊಂಡೇ ನಿಂತು, ಗಟ್ಟಿಯಾಗಿ ಹೇಳಿದ. ಆ ಕಾರು ಈ ನಡುವೆ ಹೊರಟುಹೋಗಿ ಬೇರೊಂದು ಬಂದು ನಿಂತಿದ್ದರೆ? ನಿಂತಿದ್ದರೂ ಅವನಿಗೆ ತಿಳಿಯುವಂತಿರಲಿಲ್ಲ.

ಇನ್‌ಸ್ಪೆಕ್ಟರು ಕಾಗದದ ಮೇಲೆ ಗೀಟು ಹಾಕಿದರು. "ಆಗೇ ಚಲೋ" ಎಂದು ಮುಂದಕ್ಕೆ ಕೈ ತೋರಿದರು.

ನಂಜುಂಡ ಬಾಗಿಲ ಕಡೆ ತಿರುಗಿ ನೋಡಿದ. ಸರಸ್ವತಿಯ ಸುಳಿವಿರಲಿಲ್ಲ. ಇದ್ದರೂ ಕಾಣುತ್ತಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಸುಣ್ಣದಲ್ಲಿ ಎಂಟರ ಆಕಾರ ಬರೆದಿದ್ದರು. ಅದು ಚಕ್ರದ ಕೆಳಗೇ ಇದ್ದದ್ದರಿಂದ ತೊಂದರೆಯಾಗಲಿಲ್ಲ. ಕ್ಲಚ್ಚು ಅರ್ಧ ಹಿಡಿದು, ಉಸಿರು ಪೂರ್ತಿ ಹಿಡಿದು, ಕಾಲು ನೆಲಕ್ಕೆ ತಾಗಿಸದೆ ಸುತ್ತಿ ಬಂದ. ಹಾಲಿನ ಭಯ್ಯಾ ಅದರಲ್ಲಿ ಬಿದ್ದಿದ್ದ, ಅವನನ್ನು ಮನೆಗೆ ಕಳಿಸಿಯಾಗಿತ್ತು. ಕಾಶಪ್ಪ ದೂರದಲ್ಲಿ ತಾನೇ ಸುತ್ತಿದವನ ಹಾಗೆ ಬೆವರು ಒರೆಸಿಕೊಂಡ.

ಉಳಿದದ್ದು ರಸ್ತೆ. ಮೈದಾನದ ಪಕ್ಕದ ಬೀದಿಯಲ್ಲಿ ತುದಿಯವರೆಗೆ ಹೋಗಿ, ಬಲಗೈ ಚಾಚಿ ಸನ್ನೆ ಕೊಟ್ಟು, ತಿರುಗಿ ಬರಬೇಕು. ಬರುವಾಗ ಇನ್‌ಸ್ಪೆಕ್ಟರು ಎಲ್ಲೋ ಒಂದು ಕಡೆ ಫುಟ್‌ಪಾತಿನ ಅಂಚಿನಲ್ಲಿ ನಿಂತಿರುತ್ತಾರೆ. ಎಲ್ಲಿ ಎಂದು ಹೇಳುವುದಿಲ್ಲ.

"ಮೈ ರೂಮಾಲ್ ಹಿಲಾಊಂಗಾ" ಎಂದು ಅವರು ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು ತೋರಿಸಿದರು. "ದೇಖತೇ ಹೀ ಗಾಡಿ ಖಡೀ. ಏಕ್ ಗಜ್ ಆಗೇ ಗಯಾ ತೋ ಫೇಲ್."

ಕರವಸ್ತ್ರ ಬೀಸಿದ ಕೂಡಲೇ ನಿಲ್ಲಿಸಬೇಕು, ಒಂದು ಗಜ ಮುಂದೆ ಹೋದರೂ ನಾಪಾಸು. ನಂಜುಂಡ ಆ ಕರವಸ್ತ್ರವನ್ನೇ ನೋಡಿದ. ಅಂಗೈಯಗಲದ ಬಟ್ಟೆ. ಅದು ಮಡಿಸಿಕೊಂಡು ಮತ್ತೆ ಖಾಕಿ ಜೇಬಿನೊಳಗೆ ಹೋಯಿತು.

ಈಗಲೂ ಹೇಳಿಬಿಡಬಹುದಿತ್ತು. ಹೇಳುವ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಬಂದ ಮಾತನ್ನು "ಬೊಂಬಾಯಿ ಮಾಮ" ಎಂಬ ಸಣ್ಣ ದನಿಯೊಂದು ಹಿಂದಕ್ಕೆ ತಳ್ಳಿತು. ಅವನು ಕಿಕ್ ಹೊಡೆದ.

ಹೋಗುವಾಗಿನ ದಾರಿ ಹೇಗೋ ಮುಗಿಯಿತು. ಬಲಗೈ ಎತ್ತಿದಾಗ ಇಂಜಿನು ಕುಂಯ್ಗುಟ್ಟಿ ನಿಧಾನವಾಯಿತು, ಗಾಡಿ ವಾಲಿತು, ಅವನು ಹಲ್ಲು ಕಚ್ಚಿ ತಿರುಗಿಸಿಕೊಂಡ. ಈಗ ಎದುರಿಗೆ ಇಡೀ ಬೀದಿ ಹರಡಿತ್ತು. ಎಡಗಡೆ ತರಕಾರಿ ಮಾರುವವರ ಸಾಲು, ಅವರ ಹಿಂದೆ ಗೋಡೆ, ನಡುನಡುವೆ ದೀಪದ ಕಂಬಗಳು. ಅದರಲ್ಲಿ ಖಾಕಿ ಯಾವುದು? ಒಂದು ಕಂಬ ಇನ್‌ಸ್ಪೆಕ್ಟರಂತೆ ಕಂಡಿತು. ದಾಟಿದ ಮೇಲೆ ಕಂಬವೇ ಎಂದು ಗೊತ್ತಾಯಿತು. ಇನ್ನೊಂದು ಗೋಣಿಚೀಲದ ರಾಶಿ. ತೀರ ನಿಧಾನವಾಗಿ ಹೋದರೆ ಭಯ ಪಡುತ್ತಿದ್ದಾನೆಂದು ಬರೆಯುತ್ತಾರೆ, ಕಾಶಪ್ಪ ಹೇಳಿಕೊಟ್ಟಿದ್ದ. ಆದ್ದರಿಂದ ಗೇರು ಏರಿಸಿದ. ಕುತ್ತಿಗೆ ಬಿಗಿದು ನೋಯುತ್ತಿತ್ತು. ಅವನಿಗೆ ಈಗ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ, ಬಿಳಿಯ ಬಣ್ಣ. ಬಿಳಿ ಕಂಡರೆ ಬ್ರೇಕು, ಬಿಳಿ ಕಂಡರೆ ಬ್ರೇಕು ಎಂದು ಜಪ ಮಾಡುತ್ತ ಬಂದ.

ಎಡಗಡೆ ಬಿಳಿ ಅಲುಗಿತು.

ಕೈಯೂ ಕಾಲೂ ಒಟ್ಟಿಗೆ ಬ್ರೇಕನ್ನು ಒತ್ತಿದವು. ಹಿಂದಿನ ಚಕ್ರ ಕಿರುಚಿ ಪಕ್ಕಕ್ಕೆ ಜಾರಿತು. ಗಾಡಿ ನಿಂತಿತು, ನಿಂತ ರಭಸಕ್ಕೆ ಅವನ ಹೊಟ್ಟೆ ಟ್ಯಾಂಕಿಗೆ ಬಡಿಯಿತು. ಸಲಾಮು ಹೊಡೆಯಲೆಂದು ಅವನು ತಲೆಯೆತ್ತಿದ.

ಮುಂದಿನ ಚಕ್ರಕ್ಕೆ ಒಂದು ಮೊಳ ಆಚೆ ಒಂದು ಹೆಣ್ಣು ಮಗು ನಿಂತಿತ್ತು. ಬಿಳಿಯ ಲಂಗ. ಕೈಯಲ್ಲೊಂದು ಹಸಿ ಬಟಾಣಿಯ ಸಿಪ್ಪೆ. ಅದು ಅಳಲೂ ಇಲ್ಲ, ಕದಲಲೂ ಇಲ್ಲ, ಅವನ ಮುಖವನ್ನೇ ನೋಡುತ್ತಿತ್ತು. ಇಷ್ಟು ಹತ್ತಿರದಲ್ಲಿ ಅವನಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಮಗುವಿನ ಮೂಗಿನ ಕೆಳಗೆ ಒಣಗಿದ ಸಿಂಬಳ, ಹಣೆಯ ಮೇಲಿನ ಕಾಡಿಗೆಯ ಬೊಟ್ಟು, ರೆಪ್ಪೆಗಳು.

ತರಕಾರಿಯ ಸಾಲಿನಿಂದ ಒಬ್ಬ ಹೆಂಗಸು ಚೀರಿಕೊಂಡು ಬಂದು ಮಗುವನ್ನು ಎತ್ತಿ ಎದೆಗವುಚಿಕೊಂಡಳು. ಬೆನ್ನಿಗೆ ಎರಡು ಗುದ್ದಿದಳು, ಮತ್ತೆ ಅವುಚಿಕೊಂಡಳು. ಜನ ಸೇರಿತು. ನಂಜುಂಡನಿಗೆ ಗಾಡಿಯಿಂದ ಇಳಿಯಲು ಆಗಲಿಲ್ಲ.

ಇನ್‌ಸ್ಪೆಕ್ಟರು ಎದುರು ದಿಕ್ಕಿನಿಂದ ಓಡಿ ಬಂದರು. ಇನ್ನೂ ಎಷ್ಟೋ ದೂರ ಮುಂದೆ, ಕಟ್ಟಡದ ಮೂಲೆಯಲ್ಲಿ ನಿಂತಿದ್ದವರು. ಕರವಸ್ತ್ರ ಜೇಬಿನಲ್ಲೇ ಇತ್ತು.

"ಶಾಬಾಸ್!" ಎಂದು ಅವರು ನಂಜುಂಡನ ಬೆನ್ನು ತಟ್ಟಿದರು. "ಆಂಖ್ ಹೋ ತೋ ಐಸೀ! ಮೈ ದೇಖಾ ಭೀ ನಹೀಂ, ತುಮ್ ದೇಖಾ!"

ಮಗು ಬೀದಿಗಿಳಿದದ್ದನ್ನು ತಾವೂ ನೋಡಿರಲಿಲ್ಲ, ನೀನು ನೋಡಿದೆ, ಕಣ್ಣೆಂದರೆ ಹೀಗಿರಬೇಕು ಎಂದು ಹೊಗಳುತ್ತ, ನಗುತ್ತ, ಅಲ್ಲೇ ಟ್ಯಾಂಕಿನ ಮೇಲೆ ಕಾಗದವಿಟ್ಟು ಪಾಸು ಎಂದು ಬರೆದರು. ಓಡಿ ಬಂದಿದ್ದ ಕಾಶಪ್ಪ ಅದನ್ನು ಇಣುಕಿ ನೋಡಿ ಕಣ್ಣು ಮಿಟುಕಿಸಿದ. ಅವನ ಮುಖ ಅರಳಿಬಿಟ್ಟಿತ್ತು.

ಆಯಿತು. ಎಲ್ಲ ಮುಗಿಯಿತು. ಬ್ಲಾಕು, ಎರಡು ಕೋಣೆ, ಗಿರಿಜೆ. ಕಾಗದ ತೆಗೆದುಕೊಳ್ಳಲು ನಂಜುಂಡ ಕೈ ಚಾಚಿದ.

ಆ ಹೆಂಗಸು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹತ್ತಿರ ಬಂದಳು. ಮಣ್ಣು ಮೆತ್ತಿದ ಕೈಯಿಂದ ಅವನ ಕೆನ್ನೆ ಸವರಿ ತನ್ನ ಹಣೆಗೆ ಒತ್ತಿ ನೆಟಿಕೆ ಮುರಿದಳು. "ದೇವ ತುಝೇ ಡೋಳೇ ಸುಖರೂಪ್ ಠೇವೋ, ದಾದಾ" ಎಂದಳು. ದೇವರು ನಿನ್ನ ಕಣ್ಣುಗಳನ್ನು ಕಾಪಾಡಲಿ, ಅಣ್ಣಾ.

ನಂಜುಂಡ ಮಗುವಿನ ಬಿಳಿಯ ಲಂಗವನ್ನೇ ನೋಡಿದ. ಮಗು ಕೆಂಪು ಲಂಗ ಉಟ್ಟಿದ್ದರೆ? ಹಸಿರು ಉಟ್ಟಿದ್ದರೆ? ಅವನು ನಿಲ್ಲಿಸುತ್ತಲೇ ಇರಲಿಲ್ಲ. ಬಿಳಿ ಹುಡುಕುತ್ತ, ಜಪ ಮಾಡುತ್ತ, ಅದರ ಮೇಲೆ ಹರಿಸಿಕೊಂಡೇ ಹೋಗುತ್ತಿದ್ದ. ಈ ಹೆಂಗಸು ಈಗ ಬೀದಿಯಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿರುತ್ತಿದ್ದಳು. ನಾಳೆಯಿಂದ ಕನ್ನಡಕ ಹಾಕಿಕೊಂಡೇ ಓಡಿಸುತ್ತೇನಲ್ಲ ಎಂದು ಮನಸ್ಸು ಹೇಳಿತು. ಹೇಳಿದ್ದು ಸರಿಯೂ ಆಗಿತ್ತು. ಆದರೆ ಆ ಹೆಂಗಸು ಇನ್ನೂ ಅವನ ಕಣ್ಣುಗಳನ್ನೇ ನೋಡುತ್ತಿದ್ದಳು. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಸಾಬ್" ಎಂದ. "ಮೈ ಬಚ್ಚೀ ಕೋ ನಹೀಂ ದೇಖಾ. ಆಪ್ ಕಾ ರೂಮಾಲ್ ಸಮಝಾ."

ಇನ್‌ಸ್ಪೆಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಮಗುವನ್ನು ಕಾಣಲಿಲ್ಲ, ನಿಮ್ಮ ಕರವಸ್ತ್ರ ಎಂದುಕೊಂಡೆ ಎಂದರೆ ಯಾರಿಗೆ ತಾನೆ ಅರ್ಥವಾದೀತು? ವಿನಯಕ್ಕೆ ಹೇಳುತ್ತಿದ್ದಾನೆಂದು ನಗುತ್ತಲೇ ಇದ್ದರು. "ಏ ಸಾಹೇಬ್ರ, ಬಾಯಿ ಮುಚ್ಚರಿ" ಎಂದು ಕಾಶಪ್ಪ ಕನ್ನಡದಲ್ಲಿ ಕೋಟಿನ ತೋಳು ಜಗ್ಗಿದ. ನಂಜುಂಡ ಬಾಯಿ ಮುಚ್ಚಲಿಲ್ಲ. ಕನ್ನಡಕವಿಲ್ಲದೆ ಬಂದದ್ದು, ಮುಂದಿನವರು ಓದಿದ್ದನ್ನು ಕೇಳಿ ನಂಬರು ಹೇಳಿದ್ದು, ಎಲ್ಲವನ್ನೂ ತನ್ನ ಮುರುಕಲು ಹಿಂದಿಯಲ್ಲಿ ತಲೆ ತಗ್ಗಿಸಿ ಹೇಳಿದ. ಕಾಶಪ್ಪನ ಹೆಸರು ಎತ್ತಲಿಲ್ಲ.

ಇನ್‌ಸ್ಪೆಕ್ಟರ ನಗು ಎಲ್ಲಿ ಹೋಯಿತೋ. ಅವರು ಬೀದಿಯ ತುದಿಯಲ್ಲಿ ನಿಂತ ಒಂದು ಟ್ಯಾಕ್ಸಿಯ ನಂಬರನ್ನು ತೋರಿಸಿದರು. "ಪಢೋ."

"ನಹೀಂ ದಿಖತಾ, ಸಾಬ್." ಕಾಣುವುದಿಲ್ಲ ಎಂದು ನಂಜುಂಡ ತಲೆಯಾಡಿಸಿದ.

ಅವರು ನಂಜುಂಡನ ಮುಖವನ್ನು ಕೊಂಚ ಹೊತ್ತು ನೋಡಿದರು. ಬಯ್ಯುತ್ತಾರೆಂದು ಅವನು ಕಾದ. ಬಯ್ಯಲಿಲ್ಲ. ಕೆಂಪು ಪೆನ್ಸಿಲ್ ತೆಗೆದು, ಪಾಸು ಎಂದು ಬರೆದಿದ್ದರ ಮೇಲೆ ಅಡ್ಡಗೆರೆ ಎಳೆದು, ಕಾಗದವನ್ನು ಅವನ ಕೈಗಿಟ್ಟು, ಚಷ್ಮಾ ಹಾಕಿಕೊಂಡು ಮುಂದಿನ ತಿಂಗಳು ಬಾ ಎಂದು ಹೇಳಿ ಮೈದಾನದ ಕಡೆ ನಡೆದುಬಿಟ್ಟರು. ಆ ಹೆಂಗಸಿಗೆ ಎಷ್ಟು ತಿಳಿಯಿತೋ, ಮಗುವಿನ ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು.

"ಛೆ, ಛೆ, ಛೆ" ಎಂದ ಕಾಶಪ್ಪ. "ಕೈಯಾಗ ಬಂದಿತ್ತಲ್ರಿ ಮಾರಾಯರ. ಎಂಥಾ ಮನಷ್ಯಾರು ನೀವು!" ಅವನ ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಸರಸ್ವತಿ ಬಂದಳು. ಕೂದಲು ಬಿಚ್ಚಿಹೋಗಿತ್ತು, ಸೀರೆಯ ಅಂಚು ಕೆಸರಾಗಿತ್ತು, ಬಲಗೈಯ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಎಡಗೈಯಲ್ಲಿ ಹಳದಿ ಬಟ್ಟೆಯ ಪುಟ್ಟ ಗಂಟು.

"ತಂದಿದೀನಿ" ಎಂದಳು ಏದುತ್ತ. "ಒರಳಿನ ಗುಂಡುಕಲ್ಲಲ್ಲಿ ಬೀಗ ಒಡೆದೆ. ಶೀಲಾವತಿ ಬಂದ್ಮೇಲೆ ಕಾಲು ಹಿಡ್ಕೋತೀನಿ. ಹಾಕ್ಕೊಳಿ ಬೇಗ. ಇನ್ನೂ ನಿಮ್ಮ ಸರದಿ ಬಂದಿಲ್ಲ ತಾನೆ?"

ಅವಳು ಗಂಡನ ಮುಖ ನೋಡಿದಳು, ಕಾಶಪ್ಪನ ಮುಖ ನೋಡಿದಳು, ಕೆಂಪು ಗೆರೆ ಎಳೆದ ಕಾಗದ ನೋಡಿದಳು. ಗಂಟು ಹಿಡಿದ ಕೈ ಕೆಳಗಿಳಿಯಿತು.

ನಂಜುಂಡ ಅವಳನ್ನು ಫುಟ್‌ಪಾತಿನ ಅಂಚಿನಲ್ಲಿ ಕೂರಿಸಿ ನಡೆದದ್ದನ್ನೆಲ್ಲ ಹೇಳಿದ. ಮುಚ್ಚಿಡಲಿಲ್ಲ. ಪಾಸು ಎಂದು ಬರೆದದ್ದನ್ನೂ ಹೇಳಿದ, ತಾನೇ ಅದನ್ನು ಅಳಿಸಿಕೊಂಡದ್ದನ್ನೂ ಹೇಳಿದ. ಅವಳು ಸಿಡಿದೇಳುತ್ತಾಳೆ, ಎಲ್ಲರ ಎದುರಿಗೂ ತನ್ನ ಮಾನ ಕಳೆಯುತ್ತಾಳೆ ಎಂದುಕೊಂಡಿದ್ದ. ಕಳೆದರೆ ಕಳೆಯಲಿ, ತಾನು ಬೆಳಿಗ್ಗೆ ಅಂದ ಮಾತಿಗೆ ಅದು ಸಮ ಎಂದುಕೊಂಡಿದ್ದ.

ಅವಳು ಕೇಳಿದ್ದು ಒಂದೇ, "ಮಗು ಎಷ್ಟು ದೊಡ್ಡದು?"

"ಇಷ್ಟೆತ್ತರ" ಎಂದು ನಂಜುಂಡ ನೆಲದಿಂದ ಅಳೆದು ಗಾಳಿಯಲ್ಲಿ ಅಂಗೈ ಹಿಡಿದ. "ನಮ್ಮ ಗಿರಿಜೆಯಷ್ಟೇ."

ಹೇಳಿದವನು ಅಲ್ಲೇ ತಡೆದ. ಅಂಗೈಯನ್ನು ಸ್ವಲ್ಪ ಮೇಲೆ ಎತ್ತಿದ. ಆಮೇಲೆ ಸ್ವಲ್ಪ ಇಳಿಸಿದ. ಮತ್ತೆ ಎತ್ತಿದ.

"ಈಗ ಅವಳು ಎಷ್ಟೆತ್ತರ ಇದಾಳೆ, ಸರಸು?"

ಸರಸ್ವತಿ ಬಟ್ಟೆ ಸುತ್ತಿದ ತನ್ನ ಕೈಯನ್ನು ಅವನ ಅಂಗೈಯ ಕೆಳಗೆ ಇಟ್ಟು, ಅದನ್ನು ಸರಿಯಾದ ಎತ್ತರಕ್ಕೆ ತರಲು ನೋಡಿದಳು. ಅವಳ ಕೈಯೂ ಎಲ್ಲೂ ನಿಲ್ಲಲಿಲ್ಲ. ಹೆತ್ತವಳಿಗೂ ಗೊತ್ತಿರಲಿಲ್ಲ. ಅವಳು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು, ಬೀದಿಯೆಂದೂ ನೋಡದೆ, ದನಿ ತೆಗೆದು ಅತ್ತಳು. ನಂಜುಂಡನೂ ಅತ್ತ.

ಕಾಶಪ್ಪ ಅತ್ತ ತಿರುಗಿ, ಗಾಡಿಯ ಹಿಡಿಯನ್ನು ಸುಮ್ಮನೆ ಒರೆಸುತ್ತ ನಿಂತ. ಅಳು ನಿಂತ ಮೇಲೆ ಮೆಲ್ಲಗೆ ಕೇಳಿದ, "ಆಫೀಸಿಗೆ ಹೋಗೂಣೇನ್ರಿ? ಮ್ಯಾನೇಜರ್ ಸಾಹೇಬರಿಗೆ ಏನರ ಹೇಳಿ ನೋಡೂಣು."

"ನೀನೇ ಹೋಗಿ ಹೇಳಪ್ಪ. ನಂಜುಂಡ ನಾಪಾಸಾದ ಅನ್ನು." ನಂಜುಂಡ ಎದ್ದು ಹೆಂಡತಿಗೆ ಕೈ ಕೊಟ್ಟ. "ನಾವು ಬೋರಿಬಂದರ್ ಸ್ಟೇಷನ್ನಿಗೆ ಹೋಗ್ತೀವಿ. ಮಂಡ್ಯಕ್ಕೆ ಟಿಕೆಟ್ ತೆಗೀಬೇಕು."

"ಮತ್ತೆ ಕೋಣೆಯ ಆ ಮುದುಕಿ?" ಎಂದಳು ಸರಸ್ವತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

"ಮಗು ಕಂಡ ಮೇಲೆ ಆಚೆ ಹಾಕಿದ್ರೆ ಹಾಕ್ಲಿ. ಮೂರು ಜನಾನೂ ಒಟ್ಟಿಗೆ ಬೀದೀಲಿ ನಿಲ್ಲೋಣ."